ಅಜ್ಜಿಯ ಒಡವೆಗೆ ವಯಸ್ಸೆಷ್ಟು?

ಪ್ರಶ್ನೆ: ಅಜ್ಜಿಯ ಒಡವೆ ಪೆಟ್ಟಿಗೆ ನನ್ನ ಪಾಲಿಗೆ ಬಂದಿದೆ. ಕೆಂಪು ಹರಳಿನ ಬ್ರೋಚ್, ಒಂದೆಳೆ ಮುತ್ತಿನ ಸರ, ಹರಳಿಲ್ಲದ ದಪ್ಪ ಬಳೆ ಇವೆ. 200 ವರ್ಷ ಹಳೇದು ಅಂತ ಮನೆಯವರೆಲ್ಲ ಹೇಳುತ್ತಾರೆ. ನಿಜಾನಾ, ಹೇಗೆ ತಿಳಿಯೋದು? ಎಲ್ಲಾ ಮಂಕಾಗಿವೆ, ಮೊದಲು ತೊಳೆದುಬಿಡಲಾ?

ಉತ್ತರ: ತೊಳೆಯಬೇಡಿ. ಹಳೇ ಒಡವೆಗಳಲ್ಲಿ ಹರಳಿನ ಹಿಂಬದಿ ಮುಚ್ಚಿದ್ದರೆ, ಹೊಳಪಿಗಾಗಿ ಒಳಗೆ ತೆಳು ಲೋಹದ ಹಾಳೆ ಇಟ್ಟಿರುವುದುಂಟು. ಅಲ್ಲಿಗೆ ನೀರಿಳಿದರೆ ಹಾಳೆ ಕಪ್ಪಾಗುತ್ತದೆ, ಹರಳು ಸತ್ತಂತೆ ಕಾಣುತ್ತದೆ. ನಾನೇ ಒಂದು ಜೊತೆ ಓಲೆಯನ್ನು ಸೋಪಿನ ನೀರಿಗೆ ಹಾಕಿ ಹೀಗೆ ಕೆಡಿಸಿದ್ದೇನೆ.

ಈಗ ಬ್ರೋಚನ್ನು ಮಗುಚಿ ಹಾಕಿ. ವಯಸ್ಸು ಗೊತ್ತಾಗೋದು ಬೆನ್ನಲ್ಲಿ. ಪಿನ್ನು ಬರೀ ಬಾಗಿದ ಕೊಕ್ಕೆಗೆ ಸಿಕ್ಕಿಕೊಂಡು, ತುದಿ ಅಂಚಿನಿಂದ ಆಚೆ ಇಣುಕುತ್ತಿದ್ದರೆ ಸಾಮಾನ್ಯವಾಗಿ 19ನೇ ಶತಮಾನದ್ದು. ತಿರುಗಿಸಿ ಭದ್ರ ಮಾಡುವ ಕೊಂಡಿಯಿದ್ದರೆ 20ನೇ ಶತಮಾನದ್ದು ಅನ್ನಬಹುದು. ಆದರೆ ಕೊಂಡಿ ಹೇಳೋದು ಕೊಂಡಿಯ ವಯಸ್ಸನ್ನು ಮಾತ್ರ, ಅಲ್ವಾ? ಮುರಿದಾಗ ಯಾರೋ ಹೊಸದು ಕೂರಿಸಿರಬಹುದು. ಸುತ್ತ ಬೆಸುಗೆಯ ಗಂಟು, ಬಣ್ಣದ ವ್ಯತ್ಯಾಸ ಇದೆಯಾ ನೋಡಿ.

ಕೆಂಪು ಹರಳಿಗೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು. ಒಳಗೆ ಗುಂಡನೆಯ ಗುಳ್ಳೆಗಳಷ್ಟೇ ಕಂಡರೆ ಬಹುಶಃ ಗಾಜು. ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ ಬಾಗಿದ ಗೆರೆ ಕಂಡರೆ ಅದು ಕುಲುಮೆಯಲ್ಲಿ ಬೆಳೆಸಿದ ಮಾಣಿಕ್ಯ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನ್ಯೂಯಿ ಆ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ, ಹಾಗಾಗಿ ಆ ಹರಳು 200 ವರ್ಷದ್ದಾಗಿರಲು ಸಾಧ್ಯವೇ ಇಲ್ಲ. ಹಾಗಂತ ಮೋಸ ಅಂದುಕೊಳ್ಳಬೇಡಿ, ಹೊಸದರಲ್ಲಿ ಅಂಥ ಹರಳನ್ನು ಒಳ್ಳೇ ಚಿನ್ನಕ್ಕೇ ಕೂರಿಸುತ್ತಿದ್ದರು.

ಮುತ್ತನ್ನು ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿ. ನುಣ್ಣಗೆ ಜಾರಿದರೆ ಹೆಚ್ಚಾಗಿ ನಕಲಿ, ಸ್ವಲ್ಪ ಮರಳು ಮರಳಾದರೆ ಮುತ್ತು. ಅದು ತಾನಾಗಿ ಆದದ್ದೋ ಸಾಕಿ ಬೆಳೆಸಿದ್ದೋ ಅನ್ನೋದು ಹಲ್ಲಿಗೆ ತಿಳಿಯಲ್ಲ, ಅದಕ್ಕೆ ಲ್ಯಾಬಿನ ಎಕ್ಸ್‌ರೇ ಬೇಕು.

ಇನ್ನು ಬಳೆ. ಒಳಗೆ ಮುದ್ರೆ ಹುಡುಕಿ: 916 ಅಂದರೆ 22 ಕ್ಯಾರೆಟ್, 750 ಅಂದರೆ 18, 585 ಅಂದರೆ 14. 925 ಇದ್ದರೆ ಬೆಳ್ಳಿ. ಮುದ್ರೆ ಇಲ್ಲದಿದ್ದರೆ ಗಾಬರಿ ಬೇಡ, ಎಷ್ಟೋ ಹಳೇ ಒಡವೆಗಳಿಗೆ ಹಾಕೇ ಇರಲಿಲ್ಲ, ಹಾಕಿದ್ದೂ ಸವೆದು ಹೋಗಿರುತ್ತದೆ. ಆಗ ಹೀಗೆ ಮಾಡಿ. ಬಳೆಯನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ, ಬಳೆಯನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಹಿಡಿಯಿರಿ. ಮೊದಲ ತೂಕವನ್ನು ಈಗ ಬಂದ ಅಂಕಿಯಿಂದ ಭಾಗಿಸಿ. ಉದಾಹರಣೆಗೆ ಬಳೆ 35.4 ಗ್ರಾಂ, ನೀರಲ್ಲಿ ಹಿಡಿದಾಗ 2 ಬಂದರೆ ಉತ್ತರ 17.7, ಅದು 22 ಕ್ಯಾರೆಟ್ ಚಿನ್ನದ ಲೆಕ್ಕ. 18 ಕ್ಯಾರೆಟ್ ಆದರೆ 15.5ರ ಆಸುಪಾಸು, ಬೆಳ್ಳಿ 10.5ರ ಹತ್ತಿರ, ಹಿತ್ತಾಳೆಗೆ ಗಿಲೀಟು ಮಾಡಿದ್ದರೆ 8.5ರ ಸುತ್ತ. ಬಳೆ ಒಳಗೆ ಟೊಳ್ಳಾಗಿದ್ದರೆ ಅಥವಾ ಅರಗು ತುಂಬಿದ್ದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಒರೆಗಲ್ಲಿಗೆ ಉಜ್ಜಿಸೋದು ಹಳೇ ಕ್ರಮ, ಆದರೆ ಗೀರು ಬೀಳುತ್ತೆ. ಅದರ ಬದಲು ಎಕ್ಸ್‌ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನೋಡಿಸಿ. ಅದೂ ಮೇಲ್ಪದರವನ್ನಷ್ಟೇ ಓದುತ್ತದೆ, ದಪ್ಪ ಲೇಪವಿದ್ದರೆ ಏಮಾರುತ್ತದೆ.

ಪ್ರಶ್ನೆ: ನನ್ನ ಹಳೇ ಸರಕ್ಕೆ ಅಯಸ್ಕಾಂತ ಅಂಟಲಿಲ್ಲ. ಚಿನ್ನ ತಾನೇ?

ಉತ್ತರ: ಹಿತ್ತಾಳೆಗೂ ಅಂಟಲ್ಲ, ತಾಮ್ರಕ್ಕೂ ಅಂಟಲ್ಲ. ಅಂಟಿದ್ದರೂ ತಕ್ಷಣ ಬೇಜಾರು ಮಾಡಿಕೊಳ್ಳಬೇಕಿಲ್ಲ, ಚಿನ್ನದ ಸರದ ಕೊಂಡಿಯೊಳಗೆ ಒಂದು ಚೂರು ಉಕ್ಕಿನ ಸ್ಪ್ರಿಂಗ್ ಇರೋದು ಮಾಮೂಲು.