ಶೆಡ್ಡು ಸುಟ್ಟ ಮೇಲೆ

ಸಕಲೇಶಪುರದ ಹತ್ತಿರದ ಊರೊಂದರಿಂದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮನೆಯವರು ಬಡಗಿ, ಮನೆ ಹಿಂದಿನ ಶೆಡ್ಡಿನಲ್ಲೇ ಕೆಲಸ. ಮಾರ್ಚ್ ತಿಂಗಳ ಒಂದು ರಾತ್ರಿ ಆ ಶೆಡ್ಡು ಪೂರ್ತಿ ಸುಟ್ಟುಹೋಯಿತು. ಮಾವನವರ ಕಾಲದ ಉಳಿ, ಮರ ಹೆರೆದು ನುಣುಪು ಮಾಡುವ ಹತ್ತರಿ, ಸಾಲ ಮಾಡಿ ತಂದ ಕಟಿಂಗ್ ಮಷೀನು, ಮಾರನೇ ದಿನ ಕೊಡಬೇಕಾಗಿದ್ದ ಒಂದು ತೊಟ್ಟಿಲು, ಎಲ್ಲ ಹೋಯಿತು. ಅವರ ಮಾತಲ್ಲೇ ಕೇಳಿ:

"ಅವತ್ತಿಂದ ಇವರು ಹಿತ್ತಿಲ ಬಾಗಿಲು ತೆಗೆದಿಲ್ಲ. ಆ ರಾತ್ರಿ ಕರೆಂಟ್ ಇರಲಿಲ್ಲ. ಇವರು ಬೀಡಿ ಸೇದುವವರೂ ಅಲ್ಲ. ಆದರೂ ಊರಲ್ಲಿ ಏನೇನೋ ಮಾತು. ತೊಟ್ಟಿಲಿಗೆ ಅಗಸೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆ ಮೂಲೆಯಲ್ಲಿ ಬಿಟ್ಟಿದ್ದೆ ಅಂತ ಒಂದು ಸಲ ಹೇಳಿದರು. ಆಮೇಲೆ ಆ ಮಾತೇ ಇಲ್ಲ. ಬರೀ ಬಟ್ಟೆಯಿಂದ ಬೆಂಕಿ ಹತ್ತುತ್ತದಾ? ಬೂದಿ ಕೆದಕಿದಾಗ ಮಾವನವರ ಹತ್ತರಿಯ ಅಲಗು ಸಿಕ್ಕಿತು, ಎತ್ತಿಟ್ಟಿದ್ದೇನೆ. ಮತ್ತೆ ಶೆಡ್ಡು ಕಟ್ಟೋಣವಾ, ಇಲ್ಲ ತೋಟದ ಕೆಲಸಕ್ಕೆ ಹೋಗಿ ಅನ್ನಲಾ?"

ಅಮ್ಮ, ಮೊದಲು ಬಟ್ಟೆಯ ಮಾತು. ಹತ್ತುತ್ತದೆ. ಕಡ್ಡಿ ಗೀರಬೇಕಾಗಿಲ್ಲ, ಕರೆಂಟ್ ಬೇಕಾಗಿಲ್ಲ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಬಟ್ಟೆ ಹರವಿದ್ದರೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆ ಮಾಡಿ ಎಸೆದಿದ್ದರೆ ಒಳಗೇ ಉಳಿಯುತ್ತದೆ. ಬಿಸಿ ಏರಿದಷ್ಟೂ ಎಣ್ಣೆ ಬೇಗ ಬೇಗ ಒಣಗುತ್ತದೆ, ಬೇಗ ಒಣಗಿದಷ್ಟೂ ಬಿಸಿ ಇನ್ನೂ ಏರುತ್ತದೆ. ಸಂಜೆ ಕೆಲಸ ಮುಗಿಸಿ ಬಾಗಿಲು ಹಾಕಿ ಬಂದು, ಊಟ ಮಾಡಿ ಮಲಗಿದ ಮೇಲೆ, ಎಷ್ಟೋ ಗಂಟೆ ಕಳೆದು ಅದು ತಾನಾಗೇ ಹೊತ್ತಿಕೊಳ್ಳಬಹುದು. ಪಕ್ಕದಲ್ಲಿ ಮರದ ಹೊಟ್ಟು ಇದ್ದರೆ ಕೇಳಬೇಕಾ?

1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿತ್ತು. 22ನೇ ಅಂತಸ್ತಿನಲ್ಲಿ ಮರಗೆಲಸದವರು ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಯೇ ಅದಕ್ಕೆ ಮೂಲ. ಬೆಂಕಿ ಆರಿಸಲು ಹೋದ ಮೂವರು ಸಿಬ್ಬಂದಿ ತೀರಿಕೊಂಡರು. ಅಂಥ ಊರಲ್ಲಿ, ಅಂಥ ಕಟ್ಟಡದಲ್ಲೇ ಹೀಗಾಗಿದೆ. ನಿಮ್ಮ ಮನೆಯವರಿಗೆ ಈ ಪ್ಯಾರಾ ಓದಿ ಹೇಳಿ. ಊರಿನ ಬಾಯಿಗಿಂತ ಜಾಸ್ತಿ ಅವರ ಮನಸ್ಸೇ ಅವರನ್ನು ತಿನ್ನುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಯಾರೂ ಹೇಳಿಕೊಡದ ವಿಷಯ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಇನ್ನು ಮುಂದೆ ಎಣ್ಣೆ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಲಿ. ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಲಿ.

ನಾನೂ ಬಡಗಿಯ ಮಗ. ಅಪ್ಪನ ಕೊಟ್ಟಿಗೆ ಹೋಗಿದ್ದು ಬೆಂಕಿಗಲ್ಲ, ಮಳೆಗೆ. ನಾನಾಗ ಏಳನೇ ಕ್ಲಾಸು. ಪುನರ್ವಸು ಮಳೆ ಹಿಡಿದು ಬಿಡದೆ ಹೊಯ್ದು, ಒಂದು ಬೆಳಗಿನ ಜಾವ ಹಿಂದಿನ ಮಣ್ಣಿನ ಗೋಡೆ ಕೂತುಬಿಟ್ಟಿತು. ಹೆಂಚು, ಜಂತೆ, ಸಾಮಾನು ಎಲ್ಲ ಕೆಸರಿನಡಿ. ಅಪ್ಪ ಒಂದು ತಿಂಗಳು ಜಗಲಿ ಬಿಟ್ಟು ಏಳಲಿಲ್ಲ. ಅಮ್ಮ ಬೈದರು. ಚಿಕ್ಕಪ್ಪ ಬುದ್ಧಿ ಹೇಳಿದರು. ಪಕ್ಕದ ಮನೆ ಅಜ್ಜಿ ಮಾತ್ರ ಏನೂ ಹೇಳದೆ, ಕಾಲು ಮುರಿದ ಈಳಿಗೆ ಮಣೆ ತಂದು ಅಪ್ಪನ ಪಕ್ಕ ಇಟ್ಟರು. "ನಾಡಿದ್ದು ಹಬ್ಬ, ತರಕಾರಿ ಹೆಚ್ಚಬೇಕು ಕಣಪ್ಪ" ಎಂದು ಹೊರಟೇ ಹೋದರು. ಅಪ್ಪ ಅದನ್ನೇ ಬಹಳ ಹೊತ್ತು ನೋಡುತ್ತಾ ಕೂತಿದ್ದರು. ಆಮೇಲೆ ಎದ್ದು ಹೋಗಿ, ಕೆಸರಲ್ಲಿ ಮೊಣಕೈವರೆಗೆ ಕೈ ಹಾಕಿ, ಒಂದು ಉಳಿ ಹುಡುಕಿ ತಂದರು. ಬಾವಿಕಟ್ಟೆ ಕಲ್ಲಿನ ಮೇಲೆ ಅದನ್ನು ಮಸೆದ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಅವತ್ತೇ ಎಲ್ಲ ಸರಿಹೋಯಿತು ಅನ್ನುವುದಿಲ್ಲ. ಅದಾದ ಮೇಲೂ ಎಷ್ಟೋ ದಿನ ಅವರು ಸರಿಯಾಗಿ ಮಾತಾಡಲಿಲ್ಲ. ಆದರೆ ಕೈ ಸುಮ್ನೆ ಕೂರಲಿಲ್ಲ.

ಹಾಗಾಗಿ ಶೆಡ್ಡಿನ ಲೆಕ್ಕ ಈಗಲೇ ಬೇಡ. ಆರಿದ್ರ ಮಳೆ ಶುರುವಾಗುವ ಮೊದಲು ನಿಮ್ಮ ಕಡೆ ಗೋಡೆ ಎಬ್ಬಿಸಿ ಮಾಡು ಹೊದಿಸುವುದು ಕಷ್ಟ. ಅವಸರದಲ್ಲಿ ಕಟ್ಟಿದರೆ ಸೋರುತ್ತದೆ, ಸಾಲವೂ ಏರುತ್ತದೆ. ಈ ಮಳೆಗಾಲಕ್ಕೆ ಜಗಲಿಯ ಒಂದು ಮೂಲೆ ಸಾಕು. ಅಲ್ಲಿಗೆ ಮೊದಲು ಬೇಕಾದ್ದು ಮಷೀನಲ್ಲ, ಅಲುಗಾಡದ ಒಂದು ಕೆಲಸದ ಮೇಜು.

ಅದಕ್ಕೆ ಮರ ಕೊಳ್ಳಬೇಡಿ. ಸುಟ್ಟ ಶೆಡ್ಡಿನ ತೊಲೆ ಇನ್ನೂ ಬಿದ್ದಿದೆ ಎಂದು ಬರೆದಿದ್ದೀರಿ. ಅದನ್ನು ಸೌದೆಗೆ ಕೊಡಬೇಡಿ. ದಪ್ಪ ಮರ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಉರಿಯುತ್ತದೆ, ಗಂಟೆಗೆ ಹೆಚ್ಚುಕಡಿಮೆ ಒಂದೂವರೆ ಇಂಚು. ಗಟ್ಟಿ ಮರವಾದರೆ ಇನ್ನೂ ಕಡಿಮೆ. ಮೇಲಿನ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಬಾಚಿಯಿಂದ ಕರಿ ಕೆತ್ತಿ ನೋಡಲಿ. ಹಲಸಾಗಿದ್ದರೆ ಒಳಗೆ ಅರಿಶಿನದ ಬಣ್ಣ ಕಾಣುತ್ತದೆ. ಸುತ್ತಿಗೆಯಲ್ಲಿ ತಟ್ಟಿದಾಗ ಸದ್ದು ಗಟ್ಟಿಯಾಗಿ ಬಂದರೆ, ಸೀಳು ಬಿಟ್ಟಿಲ್ಲದಿದ್ದರೆ, ಮೇಜಿನ ಕಾಲಿಗೆ ಧಾರಾಳವಾಗಿ ಆಗುತ್ತದೆ. ಮೇಲಿನ ಹಲಗೆಗೆ ಸಾಲದಿದ್ದರೆ ಸಿಲ್ವರ್ ಓಕ್ ಹಾಕಲಿ, ನಿಮ್ಮ ಸುತ್ತ ತೋಟಗಳಲ್ಲಿ ಅದಕ್ಕೇನು ಬರವಿಲ್ಲ.

ಈಗ ಆ ಅಲಗು. ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತಿದ್ದೇ ಅಲ್ಲಿ. ನೋಡಲು ಚೆನ್ನಾಗಿದ್ದರೂ ಬೆಂಕಿಯಲ್ಲಿ ಅದರ ಹದ ಹೋಗಿರಬಹುದು. ಅಂಚಿನ ಮೇಲೆ ಅರ ಉಜ್ಜಿ ನೋಡಲಿ. ಅರ ಜಾರಿದರೆ ಹದ ಉಳಿದಿದೆ. ಸುಲಭವಾಗಿ ಕಚ್ಚಿದರೆ ಉಕ್ಕು ಮೆತ್ತಗಾಗಿದೆ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಆದರೆ ಗುಜರಿಗೆ ಹಾಕುವ ವಸ್ತುವಲ್ಲ ಅದು. ಹಳೇ ಕುಲುಮೆಯವರು ಯಾರಾದರೂ ಇದ್ದರೆ ಅವರ ಹತ್ತಿರ ಒಯ್ಯಲಿ. ಕೆಂಪಗೆ ಕಾಯಿಸಬೇಕು, ಅಯಸ್ಕಾಂತ ಹಿಡಿದರೆ ಅಂಟಬಾರದು, ಅಷ್ಟು ಕಾಯಬೇಕು. ಆಗ ಎಣ್ಣೆಯಲ್ಲಿ ಅದ್ದಬೇಕು. ಅಲ್ಲಿಗೇ ಬಿಟ್ಟರೆ ಗಾಜಿನ ಹಾಗೆ ಸಿಡಿಯುತ್ತದೆ. ಅದಕ್ಕೇ ಉಜ್ಜಿ ಬೆಳ್ಳಗೆ ಮಾಡಿ ಇನ್ನೊಮ್ಮೆ ಮೆಲ್ಲಗೆ ಬಿಸಿ ಮಾಡಬೇಕು. ಒಣಹುಲ್ಲಿನ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕು. ನೀಲಿಗೆ ತಿರುಗಿತೋ, ಮತ್ತೆ ಮೊದಲಿಂದ ಶುರು ಮಾಡಬೇಕು. ಉಳಿಗಳು ಸಿಕ್ಕರೆ ಅವಕ್ಕೂ ಇದೇ ದಾರಿ.

ಮಷೀನಿನ ಮೋಟರನ್ನು ರಿವೈಂಡಿಂಗ್ ಮಾಡುವವರಿಗೆ ತೋರಿಸಿ, ಅವರು ಆಗಲ್ಲ ಅಂದರೆ ಬಿಟ್ಟುಬಿಡಿ. ಬೆಂಕಿ ಕಂಡ ಸಾಣೆ ಚಕ್ರವನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಹಾಕಬಾರದು. ತಿರುಗುವಾಗ ಒಡೆದು ಮುಖಕ್ಕೆ ಬರುತ್ತದೆ. ಈಗಲೇ ಸುತ್ತಿಗೆಯಲ್ಲಿ ಒಡೆದು ಹಾಕಿ.

ದುಡ್ಡಿನ ವಿಷಯ. ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಅದರಲ್ಲಿರುವ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಸಾಮಾನು ಕೊಳ್ಳಲು 15,000 ರೂಪಾಯಿ, ಮೊದಲ ಕಂತಿನಲ್ಲಿ ಶೇ. 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ. ಸಿಎಸ್‌ಸಿ, ಅಂದರೆ ಕಾಮನ್ ಸರ್ವಿಸ್ ಸೆಂಟರಿನಲ್ಲಿ ಹೆಸರು ಬರೆಸಬೇಕು. ಹಳೇ ಮಷೀನಿಗೆ ಮಾಡಿದ್ದು ಮುದ್ರಾ ಸಾಲವಾಗಿದ್ದರೆ, ಅದು ಪೂರ್ತಿ ತೀರಿದೆಯಾ ಎಂದು ಮೊದಲೇ ವಿಚಾರಿಸಿ. ಬಾಕಿ ಇದ್ದರೆ ಇದು ಸಿಗುವುದಿಲ್ಲ. ಸಾಲ ಸಿಕ್ಕರೂ ಒಂದೇ ಸಲ ಸಾಮಾನು ತುಂಬಬೇಡಿ. ಯಾವ ಕೆಲಸ ಬರುತ್ತದೋ ಅದಕ್ಕೆ ಬೇಕಾದ್ದನ್ನಷ್ಟೇ ತರಲಿ. ಹೊಸ ಶೆಡ್ಡು ಏಳುವಾಗ ವೈರಿಂಗಿಗೆ ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಾನಾಗೇ ಕಡಿದುಬಿಡುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ. ಅದರಲ್ಲಿ ದುಡ್ಡು ಉಳಿಸಲು ನೋಡಬೇಡಿ.

ತೋಟದ ಕೆಲಸಕ್ಕೆ ಹೋಗಿ ಅನ್ನಲಾ ಎಂದು ಕೇಳಿದ್ದೀರಿ. ಮನೆ ನಡೆಯಬೇಕಲ್ವಾ, ಹೋಗಲಿ, ತಪ್ಪೇನಿಲ್ಲ. ಆದರೆ ಕಸುಬು ಬಿಡಿ ಎಂದು ಮಾತ್ರ ನಿಮ್ಮ ಬಾಯಲ್ಲಿ ಬರುವುದು ಬೇಡ. ಆ ತೊಟ್ಟಿಲು ಮಾಡಲು ಹೇಳಿದವರು ಮುಂಗಡ ವಾಪಸ್ ಕೇಳಿಲ್ಲ ಎಂದಿದ್ದೀರಿ. ಅವರು ಇನ್ನೂ ಕಾಯುತ್ತಿದ್ದಾರೆ ಎಂದು ಮನೆಯವರಿಗೆ ಹೇಳಿದ್ದೀರಾ?

ಹತ್ತರಿಯ ಮರ ಸುಟ್ಟುಹೋಗಿದೆ, ಹೊಸದು ಕಡೆಯಬೇಕು. ಅದಕ್ಕೆ ಹುಣಸೆ ಒಳ್ಳೆಯದು, ಭಾರ ಇದೆ, ಸವೆಯುವುದು ಕಡಿಮೆ. ಅಪ್ಪ ಅರಸೀಕೆರೆ ಕಡೆಯಿಂದ ತಂದಿದ್ದ ಹುಣಸೆ ತುಂಡೊಂದು ನಮ್ಮ ಅಟ್ಟದ ಮೇಲೆ ಒಣಗಿಕೊಂಡು ಬಿದ್ದಿದೆ. ಉದ್ದ ಒಂದು ಅಡಿಯ ಮೇಲಿದೆ. ಅಲಗಿನ ಅಗಲ ಅಳೆದು ಒಂದು ಕಾರ್ಡ್ ಹಾಕಿ, ಆ ಅಳತೆಗೆ ಸಾಲುತ್ತದಾ ನೋಡಿ ಸಕಲೇಶಪುರದ ಬಸ್ಸಿಗೆ ಹಾಕಿಸುತ್ತೇನೆ.

— ಸಂಪಾದಕ