ಯಾವ ತಿಂಗಳಿಗೆ ಯಾವ ಕಾಡು? ಶ್ರೀಲಂಕಾ ಸಫಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆಗಸ್ಟ್ ಕೊನೆಯ ವಾರ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಆನೆಗಳ ದೊಡ್ಡ ಹಿಂಡು ನೋಡುವ ಆಸೆ. ಎಲ್ಲಿಗೆ ಹೋಗಬೇಕು?

ಉತ್ತರ: ಮಿನ್ನೇರಿಯಕ್ಕೆ ಹೋಗಿ. ನೀವು ಆರಿಸಿಕೊಂಡಿರುವ ಸಮಯವೂ ಸರಿಯಾಗಿದೆ. ಮಹಾಸೇನ ರಾಜ ಕಟ್ಟಿಸಿದ ಹಳೆಯ ಕೆರೆ ಅದು. ಒಣ ಕಾಲದಲ್ಲಿ ಗದ್ದೆಗಳಿಗೆ ನೀರು ಬಿಟ್ಟಂತೆ ಕೆರೆ ಹಿಂದೆ ಸರಿಯುತ್ತದೆ, ಒಣಗಿದ ಅಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡಿನಲ್ಲಿ ಮೇವು, ನೀರು ಎರಡೂ ಕಡಿಮೆಯಾದಾಗ ಆನೆಗಳು ಈ ಹುಲ್ಲಿಗೆ ಬರುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಇದು ನಡೆಯುತ್ತದೆ. ಕೆಲವು ಸಂಜೆ ಒಂದೇ ಬಯಲಿನಲ್ಲಿ 200ಕ್ಕೂ ಹೆಚ್ಚು ಆನೆ ಸೇರುವುದುಂಟು.

ಬೆಳಗಿನ ಸಫಾರಿ ಇಲ್ಲಿ ಬೇಡ. ಬಿಸಿಲು ಇಳಿದ ಮೇಲೆಯೇ ಹಿಂಡುಗಳು ಮರಗಳ ನೆರಳು ಬಿಟ್ಟು ಹೊರಬರುವುದು. ಹತ್ತಿರದ ಊರಾದ ಹಬರಣದಿಂದ ಮಧ್ಯಾಹ್ನ ಎರಡೂವರೆ, ಮೂರರ ಹೊತ್ತಿಗೆ ಜೀಪು ಹೊರಟರೆ ಸಾಕು.

ಒಂದು ಎಚ್ಚರಿಕೆ. ಮಳೆಯಿಂದಲೋ ಬೇರೆ ಅಣೆಕಟ್ಟಿನಿಂದ ಹರಿಸಿದ ನೀರಿನಿಂದಲೋ ಕೆರೆ ತುಂಬಿದ್ದರೆ ಹುಲ್ಲು ಮುಳುಗಿರುತ್ತದೆ. ಆಗ ಆನೆಗಳು ಪಕ್ಕದ ಕೌಡುಲ್ಲಕ್ಕೋ ಹುರುಲು ಕಾಡಿಗೋ ಹೊರಟುಹೋಗುತ್ತವೆ. ಅದಕ್ಕೇ ಟಿಕೆಟ್ಟನ್ನು ಮೊದಲೇ ಕೊಳ್ಳಬೇಡಿ. ಆ ದಿನ ಬೆಳಿಗ್ಗೆ ಹಬರಣದ ಇಬ್ಬರು ಚಾಲಕರನ್ನಾದರೂ ‘ನಿನ್ನೆ ಸಂಜೆ ಆನೆ ಎಲ್ಲಿದ್ದವು?’ ಎಂದು ಕೇಳಿ ನಿರ್ಧರಿಸಿ.

ಜೀಪು ನಿಂತ ಮೇಲೆ ಹಿಂಡನ್ನು ಎಣಿಸುವುದು ಬಿಟ್ಟು ಒಂದೇ ಆನೆಯ ಮುಂಗಾಲನ್ನು ನೋಡಿ. ಗಿಡ್ಡ ಹುಲ್ಲನ್ನು ಉಗುರಿನಿಂದ ಒದ್ದು ಬುಡ ಸಡಿಲ ಮಾಡುತ್ತದೆ, ಸೊಂಡಿಲಿನಿಂದ ಗುಡಿಸಿ ಹಿಡಿ ಕಟ್ಟುತ್ತದೆ, ಕಾಲಿಗೆ ಬಡಿದು ಮಣ್ಣು ಉದುರಿಸಿ ಆಮೇಲೆ ಬಾಯಿಗಿಡುತ್ತದೆ. ಮರಿಗಳಿಗೆ ಈ ಕೆಲಸ ಇನ್ನೂ ಕೈಗೂಡಿರುವುದಿಲ್ಲ. ಹತ್ತು ನಿಮಿಷ ನೋಡಿದರೂ ಸಾಲದು. ದಂತ ಕಾಣಲಿಲ್ಲವೆಂದು ಬೇಸರಪಡಬೇಡಿ. ಈ ದ್ವೀಪದ ಗಂಡಾನೆಗಳಲ್ಲಿ ದಂತವಿರುವವು ನೂರಕ್ಕೆ ಹತ್ತೂ ಇಲ್ಲ.

ಪ್ರಶ್ನೆ: ಯಾಲದಲ್ಲಿ ಚಿರತೆ ಖಂಡಿತ ಕಾಣುತ್ತದೆ ಎನ್ನುತ್ತಾರೆ. ಸೆಪ್ಟೆಂಬರ್‌ನಲ್ಲಿ ಹೋಗಬಹುದೇ?

ಉತ್ತರ: ಮೊದಲು ತಾರೀಖು ನೋಡಿಕೊಳ್ಳಿ. ಯಾಲ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರು ಹೆಚ್ಚಾಗಿ ಹೋಗುವ ಒಂದನೇ ಬ್ಲಾಕನ್ನು (ಭಾಗವನ್ನು) ಒಣ ಕಾಲದಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರ್ ಆರಂಭದಿಂದ ಅಕ್ಟೋಬರ್ ಮಧ್ಯದವರೆಗೆ, ಮುಚ್ಚುತ್ತಾರೆ. ಹೋಟೆಲಿಗೆ ಹಣ ಕಟ್ಟುವ ಮುನ್ನ ಕೇಳಿಕೊಳ್ಳಿ. ಆ ದಿನಗಳಲ್ಲಿ ಅನುರಾಧಪುರದ ಪಶ್ಚಿಮಕ್ಕಿರುವ ವಿಲ್ಪತ್ತು ಒಳ್ಳೆಯ ಆಯ್ಕೆ. ದ್ವೀಪದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ ಅದು. ಮಳೆನೀರು ನಿಲ್ಲುವ ಸಹಜ ಹೊಂಡಗಳನ್ನು ಅಲ್ಲಿ ‘ವಿಲ್ಲು’ ಎನ್ನುತ್ತಾರೆ. ಬಿಸಿಲು ಏರುವ ಮೊದಲು ಆ ಅಂಚುಗಳಲ್ಲಿ, ಮರಳು ದಾರಿಗಳಲ್ಲಿ ಚಿರತೆ ಕಾಣುವುದುಂಟು. ಯಾಲಕ್ಕಿಂತ ಜೀಪುಗಳೂ ಕಡಿಮೆ.

‘ಖಂಡಿತ’ ಎನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಯಾಲದಲ್ಲಿ ಚಿರತೆ ಹಗಲಲ್ಲೂ ಬಂಡೆಯ ಮೇಲೆ ಮಲಗಿರುತ್ತದೆ ನಿಜ. ಈ ದ್ವೀಪದಲ್ಲಿ ಹುಲಿಯಿಲ್ಲ, ಸಿಂಹವಿಲ್ಲ, ಅದಕ್ಕೆ ಮೇಲಿನವರೇ ಇಲ್ಲ. ಆದರೆ ಒಬ್ಬ ಚಾಲಕನಿಗೆ ಕಂಡರೆ ಫೋನಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಹತ್ತಾರು ಜೀಪು ಧೂಳೆಬ್ಬಿಸಿಕೊಂಡು ಅಲ್ಲಿಗೇ ಓಡುತ್ತವೆ, ಚಿರತೆ ಎದ್ದು ಪೊದೆ ಸೇರುತ್ತದೆ. ಈ ನೂಕುನುಗ್ಗಲಿಗೆ ನಿಮ್ಮ ಜೀಪೂ ಸೇರಬಾರದು ಎಂಬುದು ನಮ್ಮ ಕಳಕಳಿಯ ಕೋರಿಕೆ. ಹೊರಡುವ ಮೊದಲೇ ಚಾಲಕನಿಗೆ ಹೀಗೆ ಹೇಳಿ: ‘ಓಡಿಸುವುದು ಬೇಡ. ನೀರಿನ ಹೊಂಡದ ಹತ್ತಿರ ಇಂಜಿನ್ ಆರಿಸಿ ಅರ್ಧ ಗಂಟೆ ನಿಲ್ಲೋಣ.’

ನಿಂತಾಗ ಕಿವಿಗೇ ಕೆಲಸ. ಜಿಂಕೆ ಚೂಪಾಗಿ ಒಮ್ಮೆ ಕೂಗಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತರೆ, ಮರದ ಮೇಲಿನ ಮುಸುವ ಕೆಮ್ಮಿದಂತೆ ಗದರುತ್ತ ಕೆಳಗೆ ನೋಡುತ್ತಿದ್ದರೆ, ನೀವೂ ಅಲ್ಲಿಗೇ ದುರ್ಬೀನು ತಿರುಗಿಸಿ. ಅಡ್ಡ ಕೊಂಬೆಗಳಲ್ಲಿ ನೇತಾಡುವ ಬಾಲ ಹುಡುಕಿ. ಚುಕ್ಕೆ ಎಲೆಗಳ ನೆರಳಲ್ಲಿ ಮರೆಯಾದರೂ ಬಾಲ ಮರೆಯಾಗದು.

ಕಾಯುವ ಹೊತ್ತಿನಲ್ಲಿ ನೀರಂಚಿನ ಮೊಸಳೆ, ಕೆಸರಲ್ಲಿ ಮುಳುಗಿದ ಕಾಡು ನೀರೆಮ್ಮೆ, ಬಣ್ಣದ ಕೊಕ್ಕರೆ, ಗುಳ್ಳೆನರಿ, ಉಡ ಇವೆಲ್ಲ ಸಿಗುತ್ತವೆ. ಹಳದಿ ಮಚ್ಚೆಯ ಕೆಂಪು ಜುಟ್ಟಿನ ಕಾಡುಕೋಳಿ ದಾರಿ ದಾಟಿದರೆ ನಿಲ್ಲಿಸಿ ನೋಡಿ. ಅದು ಶ್ರೀಲಂಕಾ ಬಿಟ್ಟು ಬೇರೆಲ್ಲೂ ಇಲ್ಲ, ಅಲ್ಲಿನ ರಾಷ್ಟ್ರಪಕ್ಷಿ.

ಪ್ರಶ್ನೆ: ಕರಡಿ ಯಾವಾಗ ಕಾಣುತ್ತದೆ?

ಉತ್ತರ: ಜೂನ್, ಜುಲೈ, ಯಾಲ. ಪಾಲು ಮರದ ಸಣ್ಣ ಹಳದಿ ಹಣ್ಣು ಆಗ ಮಾಗುತ್ತದೆ, ಕರಡಿ ಮರ ಹತ್ತಿ ತಿನ್ನುತ್ತದೆ. ಉಳಿದ ತಿಂಗಳುಗಳಲ್ಲಿ ಕಂಡರೆ ಅದೃಷ್ಟ.

ಪ್ರಶ್ನೆ: ಅಮ್ಮನಿಗೆ 70 ವರ್ಷ, ಬೆನ್ನು ನೋವಿದೆ. ಜೀಪಿನಲ್ಲಿ ಕೂರಬಲ್ಲರೇ? ಕ್ಯಾಮೆರಾ ಯಾವುದು ತರಬೇಕು?

ಉತ್ತರ: ಇಡೀ ದಿನದ ಸಫಾರಿ ಬೇಡ, ನಾಲ್ಕು ಗಂಟೆಯದು ಸಾಕು. ಹಿಂದಿನ ಸೀಟು ಚಕ್ರದ ಮೇಲೇ ಇರುವುದರಿಂದ ಅಲ್ಲಿ ಎತ್ತಿ ಹಾಕುತ್ತದೆ. ಅಮ್ಮನನ್ನು ಚಾಲಕನ ಬೆನ್ನಿಗಿರುವ ಮೊದಲ ಸಾಲಿನಲ್ಲಿ ಕೂರಿಸಿ, ಸೊಂಟದ ಹಿಂದೆ ಸಣ್ಣ ದಿಂಬು ಇಡಿ. ಯಾಲದೊಳಗೆ ಎಲ್ಲೆಂದರಲ್ಲಿ ಇಳಿಯುವಂತಿಲ್ಲ. 2004ರ ಸುನಾಮಿ ಸ್ಮಾರಕವಿರುವ ಪಟನಂಗಲ ಕಡಲತೀರದಲ್ಲಿ ಇಳಿಯಲು ಬಿಡುತ್ತಾರೆ. ಅವರಿಗೆ ಉಡವಲವೆ ಉದ್ಯಾನ ಇನ್ನೂ ಒಳ್ಳೆಯದು. ಬಯಲು ಪ್ರದೇಶ, ವರ್ಷವಿಡೀ ಆನೆ ಸಿಗುತ್ತವೆ, ಹೆಚ್ಚು ಅಲೆಯಬೇಕಿಲ್ಲ.

8x42 ದುರ್ಬೀನು ಮನೆಮಂದಿಗೆಲ್ಲ ಸರಿಹೋಗುತ್ತದೆ. ಕ್ಯಾಮೆರಾಕ್ಕೆ 100-400 ಮಿ.ಮೀ. ಲೆನ್ಸ್ ಹಾಕಿದರೆ ಜೀಪಿನಲ್ಲಿ ಅದನ್ನು ಬಿಚ್ಚಲೇಬೇಡಿ, ಕೆಂಪು ಧೂಳು ನೇರ ಸೆನ್ಸರ್ ಮೇಲೆ ಕೂರುತ್ತದೆ. ಟ್ರೈಪಾಡ್ ಬದಲು ಅಕ್ಕಿ ತುಂಬಿದ ಬಟ್ಟೆಚೀಲವನ್ನು ಕಂಬಿಯ ಮೇಲಿಟ್ಟು ಲೆನ್ಸ್ ಊರಿ. ಫೋಟೊ ತೆಗೆಯುವಾಗ ಇಂಜಿನ್ ಆರಿಸಲು ಹೇಳಿ, ಅದರ ನಡುಕವೇ ಚಿತ್ರವನ್ನು ಮಸುಕು ಮಾಡುವುದು. ಆದರೆ ಕಣ್ಣಿಗೂ ಕಿವಿಗೂ ನಡುವೆ ಕಪ್ಪು ಮದಜಲ ಸೋರುತ್ತಿರುವ ಸಲಗ ಎದುರಾದರೆ ಇಂಜಿನ್ ಚಾಲೂ ಇರಲಿ, ಹಿಂದೆ ಸರಿಯಲು ದಾರಿ ಬಿಟ್ಟುಕೊಂಡಿರಿ. ಮರಿಗೂ ತಾಯಿಗೂ ನಡುವೆ ಜೀಪು ನುಗ್ಗಿಸಲು ಯಾವತ್ತೂ ಒಪ್ಪಬೇಡಿ.

ಪ್ರಶ್ನೆ: ತಿಮಿಂಗಿಲ?

ಉತ್ತರ: ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ದಕ್ಷಿಣದ ಮಿರಿಸ್ಸ, ಮೇಯಿಂದ ಆಗಸ್ಟ್‌ವರೆಗೆ ಪೂರ್ವದ ಟ್ರಿಂಕೋಮಲಿ. ಮಳೆಗಾಲದ ಗಾಳಿ ಯಾವ ಕಡೆಯ ಕಡಲನ್ನು ಕದಡುತ್ತದೆಯೋ ಅದರ ಎದುರು ಬದಿಗೆ ಹೋಗಬೇಕು, ಅಷ್ಟೇ ಲೆಕ್ಕ. ನೀಲಿ ತಿಮಿಂಗಿಲ ಬಾಲ ಎತ್ತಿತೆಂದರೆ ಆಳಕ್ಕೆ ಇಳಿಯಿತೆಂದು ಅರ್ಥ. ಮತ್ತೆ ಉಸಿರಿಗೆ ಬರಲು ಸುಮಾರು ಹತ್ತು ನಿಮಿಷ ಬೇಕು. ಅದು ಮೇಲಿರುವಾಗ ದೋಣಿ ಬೆನ್ನಟ್ಟಿದರೆ ಉಸಿರು ಪೂರ್ತಿ ತೆಗೆದುಕೊಳ್ಳದೇ ಮುಳುಗುತ್ತದೆ. ದೂರ ನಿಲ್ಲಿಸುವ ದೋಣಿಯನ್ನೇ ಹುಡುಕಿ. ವಾಂತಿಯ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲು ನುಂಗಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಅದು ಕೆಲಸ ಮಾಡದು.

ಪ್ರಶ್ನೆ: ಜೀಪಿಲ್ಲದೆ ಕಾಲ್ನಡಿಗೆಯಲ್ಲಿ ಕಾಡು ನೋಡುವುದು ಸಾಧ್ಯವೇ?

ಉತ್ತರ: ಎರಡು ಜಾಗ. ಹಾರ್ಟನ್ ಪ್ಲೇನ್ಸ್ ಸುಮಾರು 2,100 ಮೀಟರ್ ಎತ್ತರದ ಹುಲ್ಲುಗಾವಲು. ಕಡವೆಗಳು ಹತ್ತಿರದಿಂದಲೇ ಕಾಣುತ್ತವೆ. ಬಿಸ್ಕತ್ತು ಕೊಡಬೇಡಿ. ಹಾಗೆ ತಿನ್ನಿಸಿಯೇ ಯಾಲದ ಬಳಿಯ ಬುತ್ತಲ-ಕತರಗಾಮ ರಸ್ತೆಯಲ್ಲಿ ಆನೆಗಳು ವಾಹನ ತಡೆಯುವುದನ್ನು ಕಲಿತವು. ಹಾರ್ಟನ್ ಪ್ಲೇನ್ಸ್‌ನ ನಡಿಗೆ ಸುಮಾರು ಒಂಬತ್ತು ಕಿಲೋಮೀಟರಿನ ಸುತ್ತು. ಒಂಬತ್ತು, ಹತ್ತು ಗಂಟೆಗೆ ಮಂಜು ಕವಿಯುವುದರಿಂದ ಬೆಳಿಗ್ಗೆ ಆರಕ್ಕೇ ಹೆಜ್ಜೆ ಹಾಕಿ.

ಇನ್ನೊಂದು, ಮಳೆಕಾಡು ಸಿಂಹರಾಜ. ಅಲ್ಲಿ ಹಕ್ಕಿಗಳು ಒಂಟಿಯಾಗಿ ಹುಡುಕಿದರೆ ಸಿಗವು. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗಲಾಟೆ, ಕಾಜಾಣದ ಕೂಗು ಒಟ್ಟಿಗೆ ಕೇಳಿದರೆ ನಿಂತಲ್ಲೇ ನಿಲ್ಲಿ. ಹಲವು ಜಾತಿಯ ಹಕ್ಕಿಗಳು ಒಂದೇ ಗುಂಪಾಗಿ ನಿಮ್ಮ ತಲೆಯ ಮೇಲೇ ಹಾದುಹೋಗುತ್ತವೆ. ಇಂಬಳದ ಕಾಟ ವಿಪರೀತ. ಪ್ಯಾಂಟಿನ ಕೆಳತುದಿಯನ್ನು ಮೊಣಕಾಲುದ್ದದ ದಪ್ಪ ಕಾಲುಚೀಲದೊಳಗೆ ಸೇರಿಸಿ. ಹತ್ತಿಕೊಂಡರೆ ಎಳೆಯಬೇಡಿ, ಬಾಯಿಯ ಬದಿಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಒತ್ತಿ ಹಿಡಿದು ಪಟ್ಟಿ ಕಟ್ಟಿಕೊಳ್ಳಿ.