ಅರಸೀಕೆರೆ ಅಜ್ಜ ಹೇಳುತ್ತಿದ್ದ 'ಶಾಸ್ತ್ರಿಗಳು' ಯಾರು?

ನಮಸ್ಕಾರ. ಅರಸೀಕೆರೆಯ ನಿಮ್ಮಜ್ಜ 'ನಾಟಕದ ಶಾಸ್ತ್ರಿಗಳೇ ಮೊದಲ ಟಾಕಿಗೆ ಹಾಡು ಬರೆದದ್ದು' ಅಂತಿದ್ದರು, ಅವರು ಯಾರು ಅಂತ ಕೇಳಿದ್ದೀರಿ. ಅಜ್ಜ ಹೇಳಿದ್ದು ಸರಿ. ಅವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ ಇರುವುದು ತುಮಕೂರಿನ ಹತ್ತಿರ, ನಿಮ್ಮೂರಿನಿಂದ ಅಂಥ ದೂರವೇನಲ್ಲ.

ಕನ್ನಡದ ಮೊದಲ ಟಾಕಿ, ಅಂದರೆ ಮಾತಿನ ಚಿತ್ರ, 1934ರ ಮಾರ್ಚ್ 3ರಂದು ತೆರೆಕಂಡ 'ಸತಿ ಸುಲೋಚನ'. ಅದಕ್ಕೆ ಮಾತು, ಹಾಡು ಎರಡೂ ಅವರದೇ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಸಂಗೀತ ಆರ್. ನಾಗೇಂದ್ರರಾಯರದು, ರಾವಣನ ಪಾತ್ರವೂ ಅವರದೇ! ಹೆಚ್ಚಿನವರು ನಾಟಕದವರೇ ಅಲ್ವಾ, ಹಾಡುಗಳೂ ರಂಗಗೀತೆಯ ಜಾಡಿನಲ್ಲೇ ಇದ್ದವು. ಶಾಸ್ತ್ರಿಗಳು ಅದಕ್ಕೂ ಮೊದಲೇ ಕಂಪನಿ ನಾಟಕಗಳಿಗೆ ಬರೆದು ಹೆಸರಾಗಿದ್ದರು.

ಹಾಸನದ ನಮ್ಮ ಮನೆಯಲ್ಲೂ ಹಳೇ ನಾಟಕದ ಹಾಡಿನ ಪುಸ್ತಕ ಒಂದಿದೆ. ರಟ್ಟು ಹೋಗಿದೆ, ಯಾರು ಬರೆದದ್ದೋ ಏನೋ. ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳ, ಕೆಲವಕ್ಕೆ 'ಇಂಥ ಹಾಡಿನ ಮಟ್ಟು' ಅಂತ ಅಚ್ಚು ಮಾಡಿದ್ದಾರೆ. ಅಂದರೆ ಮಟ್ಟು ಮೊದಲು, ಮಾತು ಆಮೇಲೆ. ಈಗಿನವರು ಟ್ಯೂನಿಗೆ ಬರೆಯುತ್ತಾರೆ ಅಂತ ಸುಮ್ನೆ ಬೈತೀವಿ!

ಸಿನಿಮಾ ನೋಡೋಣ ಅಂದರೆ ಅದರ ಪ್ರಿಂಟ್ ಉಳಿದಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಹಾಡಿನ ಪುಸ್ತಕ ಏನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಒಂದು ಫೋಟೋ ಹಾಕಿ.